ಗದಗ ಸುತ್ತ ಮೂರು ದಿನ: ಲಕ್ಕುಂಡಿ, ಡಂಬಳ, ಇಟಗಿಯನ್ನು ಸರಿಯಾದ ಹೊತ್ತಿಗೆ ನೋಡುವುದು ಹೇಗೆ?

ಹುಬ್ಬಳ್ಳಿಯಿಂದ ಹಂಪಿಗೆ ಕಾರಿನಲ್ಲಿ ಹೊರಟವರು ಲಕ್ಕುಂಡಿಯಲ್ಲಿ ನಿಲ್ಲಿಸುವುದು ಹೆಚ್ಚುಕಡಿಮೆ ಮಧ್ಯಾಹ್ನ ಹನ್ನೆರಡಕ್ಕೆ. ಕಲ್ಲು ಕಾದಿರುತ್ತದೆ, ಮಕ್ಕಳಿಗೆ ಹಸಿವು, ಡ್ರೈವರಿಗೆ ಹೊಸಪೇಟೆ ಮುಟ್ಟುವ ಅವಸರ. ಒಂದು ಗುಡಿ ನೋಡಿ, ನಾಲ್ಕು ಫೋಟೋ ತೆಗೆದು, ಮುಕ್ಕಾಲು ಗಂಟೆಯಲ್ಲಿ ಹೊರಟುಬಿಡುತ್ತಾರೆ. ಆಮೇಲೆ "ಅಲ್ಲಿ ಅಂಥದ್ದೇನಿಲ್ಲ ಬಿಡಿ" ಅನ್ನುತ್ತಾರೆ.

ಈ ಭಾಗಕ್ಕೆ ಹೋಗಿ ಬೇಸರ ಮಾಡಿಕೊಂಡು ಬಂದವರ ಕತೆ ಕೇಳಿದರೆ ಬಹುತೇಕ ಎಲ್ಲರದ್ದೂ ಇದೇ. ಜಾಗ ಸರಿಯಾಗಿಯೇ ಇರುತ್ತದೆ, ಹೋದ ಹೊತ್ತು ತಪ್ಪಿರುತ್ತದೆ. ಗದಗ ಸೀಮೆಯನ್ನು ದಾರಿಯಲ್ಲಿ ಸಿಗುವ ಸ್ಟಾಪ್ ಅಂದುಕೊಂಡು ಹೋದರೆ ಏನೂ ದಕ್ಕುವುದಿಲ್ಲ. ಗದಗದಲ್ಲೇ ಉಳಿದು, ದಿನಕ್ಕೊಂದು ದಿಕ್ಕಿಗೆ ಹೋಗಿ ಬರಬೇಕು. ಯಾವ ದಿಕ್ಕು ಯಾವ ದಿನ, ಯಾವ ಗುಡಿ ಯಾವ ಹೊತ್ತಿಗೆ ಅನ್ನುವ ಕ್ರಮ ಕೆಳಗಿದೆ. ಇತಿಹಾಸ ಓದಲು ಬೇರೆ ಪುಸ್ತಕಗಳಿವೆ. ಇಲ್ಲಿರುವುದು ಬಸ್ಸು, ಬೀಗ, ಬಿಸಿಲು, ಊಟದ ವಿಷಯ.

## 1. ಮೊದಲು ತಿಂಗಳು, ಆಮೇಲೆ ವಾರ

ನವೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ ಹೋಗಿ. ಮಾರ್ಚ್ ದಾಟಿದ ಮೇಲೆ ಬೆಳಿಗ್ಗೆ ಹತ್ತಕ್ಕೇ ಗುಡಿಯ ಅಂಗಳದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಮಾತೇ ಬೇಡ.

ಮಳೆಗಾಲ ಇಲ್ಲಿ ಮಲೆನಾಡಿನಂತೆ ಅಲ್ಲ, ಮಳೆ ಕಮ್ಮಿ. ಆದರೆ ಈ ಕಡೆಯ ಬಹಳಷ್ಟು ಹೊಲ ಎರೆಮಣ್ಣಿನದು. ಒಂದು ಹದ ಮಳೆ ಬಿದ್ದರೂ ಕಚ್ಚಾ ದಾರಿಯಲ್ಲಿ ಚಪ್ಪಲಿಗೆ ಅಂಟಿದ ಮಣ್ಣು ಬಿಡುವುದೇ ಇಲ್ಲ, ಕಾರಿನ ಚಕ್ರ ಅಲ್ಲೇ ತಿರುಗುತ್ತಾ ಕೂರುತ್ತದೆ. ಜೂನ್‌ನಿಂದ ಅಕ್ಟೋಬರ್ ನಡುವೆ ಹೋಗುವವರು ಡಾಂಬರು ರಸ್ತೆ ಬಿಟ್ಟು ಇಳಿಯಬೇಡಿ.

ಇನ್ನು ವಾರ. ಲಕ್ಕುಂಡಿಯ ಮ್ಯೂಸಿಯಂಗೆ ಶುಕ್ರವಾರ ರಜೆ. ಮೂರು ದಿನದ ರಜೆ ಸಿಕ್ಕಿದರೆ ಶುಕ್ರವಾರ ಡಂಬಳ, ಶನಿವಾರ ಲಕ್ಕುಂಡಿ, ಭಾನುವಾರ ಇಟಗಿ. ಈ ಸಾಲನ್ನು ತಿರುಗಿಸಬೇಡಿ.

ಜನವರಿಯಲ್ಲಿ ಹೋಗುವವರು ಪಂಚಾಂಗ ಒಮ್ಮೆ ನೋಡಿ. ಕೊಪ್ಪಳದ ಗವಿಮಠದ ಜಾತ್ರೆ ಬಿದ್ದಿದ್ದರೆ ಆ ದಿನಗಳಲ್ಲಿ ಕೊಪ್ಪಳ ದಾರಿಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜಾತ್ರೆ ನೋಡಬೇಕೆಂದೇ ಹೋದರೆ ಅದು ಬೇರೆ ಮಾತು.

## 2. ಠಿಕಾಣಿ ಗದಗದಲ್ಲೇ

ಹುಬ್ಬಳ್ಳಿಯಲ್ಲಿ ದೊಡ್ಡ ಹೋಟೆಲ್ ಇದೆ, ಅಲ್ಲಿ ಉಳಿದು ದಿನಾ ಬಂದು ಹೋದರಾಯಿತು ಅನ್ನುವವರಿದ್ದಾರೆ. ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 60 ಕಿಲೋಮೀಟರ್. ಬೆಳಗಿನ ಏಳು ಗಂಟೆಗೆ ಲಕ್ಕುಂಡಿಯಲ್ಲಿ ಇರಬೇಕಾದವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಹೊಸಪೇಟೆ ಇನ್ನೂ ದೂರ.

ಗದಗದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರವೂ ಸ್ಟೇಷನ್ ಕಡೆಗೂ ಸಾಧಾರಣ ಲಾಡ್ಜುಗಳಿವೆ. ಐಷಾರಾಮಿ ಹುಡುಕಬೇಡಿ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮಾತ್ರ ಕೇಳಿಕೊಳ್ಳಿ, ನೀವು ಆರಕ್ಕೆ ಹೊರಡಬೇಕು. ಮದುವೆ ಮುಹೂರ್ತ ಜಾಸ್ತಿ ಇರುವ ತಿಂಗಳಲ್ಲಿ ಮೊದಲೇ ಫೋನ್ ಮಾಡಿ ರೂಮು ಹಿಡಿದಿಡಿ, ಆ ದಿನಗಳಲ್ಲಿ ಲಾಡ್ಜ್ ಪೂರ್ತಿ ಬೀಗರ ಪಾಲು.

ಬೆಂಗಳೂರು, ಮೈಸೂರಿನವರಿಗೆ ಹಂಪಿ ಎಕ್ಸ್‌ಪ್ರೆಸ್ ಅನುಕೂಲ. ರಾತ್ರಿ ಬೆಂಗಳೂರು ಬಿಟ್ಟು ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ಹಾದು ಬೆಳಿಗ್ಗೆ ಗದಗ ಮುಟ್ಟುತ್ತದೆ. ಹುಬ್ಬಳ್ಳಿ ಮೇಲಿಂದ ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಕೂಡ ಗದಗ ಹಾದೇ ಹೋಗುತ್ತದೆ. ಹೊರಡುವ ವಾರ ವೇಳಾಪಟ್ಟಿ ಇನ್ನೊಮ್ಮೆ ನೋಡಿಕೊಳ್ಳಿ.

ಗದಗದಲ್ಲಿ ಹಳೇ ಬಸ್ ಸ್ಟ್ಯಾಂಡ್, ಹೊಸ ಬಸ್ ಸ್ಟ್ಯಾಂಡ್ ಎರಡಿವೆ. ನಾಳೆಯ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಹಿಂದಿನ ರಾತ್ರಿಯೇ ಲಾಡ್ಜಿನಲ್ಲಿ ಕೇಳಿ. ಬೆಳಗಿನ ಆರು ಗಂಟೆಗೆ ಒಂದರಿಂದ ಇನ್ನೊಂದಕ್ಕೆ ಓಡುವುದು ಬೇಡ.

## 3. ಚೀಲದಲ್ಲಿ ಇರಲೇಬೇಕಾದ್ದು

ಮೊದಲನೆಯದು ಟಾರ್ಚು. ಫೋನಿನ ಲೈಟ್ ಸಾಲದು, ಅಂಗೈಯಗಲದ ಒಳ್ಳೆಯ ಟಾರ್ಚೇ ಬೇಕು. ಈ ಗುಡಿಗಳ ಒಳಗೆ ನಡುಹಗಲಲ್ಲೂ ಕತ್ತಲು, ಕೆತ್ತನೆಯಲ್ಲಿ ಅರ್ಧ ಇರುವುದು ಒಳಗಿನ ಬಾಗಿಲುವಾಡದಲ್ಲಿ, ಮೇಲ್ಛಾವಣಿಯಲ್ಲಿ. ಟಾರ್ಚನ್ನು ನೇರ ಹಿಡಿದರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಪಕ್ಕಕ್ಕೆ ನಿಂತು, ಕಲ್ಲಿಗೆ ಸವರಿದಂತೆ ಬೆಳಕು ಹಾಯಿಸಿ. ಆಗ ನೆರಳು ಬಿದ್ದು ಬೆರಳುಗುರಿನಷ್ಟು ಮೂರ್ತಿಯ ಮುಖವೂ ಎದ್ದು ಬರುತ್ತದೆ. ಇಡೀ ಪ್ರವಾಸದಲ್ಲಿ ಇದೊಂದು ಮಾತು ನೆನಪಿಟ್ಟರೂ ಸಾಕು.

ಎರಡನೆಯದು ಸುಲಭವಾಗಿ ಬಿಚ್ಚುವ ಚಪ್ಪಲಿ. ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕಬೇಕು, ಲೇಸ್ ಕಟ್ಟುವ ಶೂ ಹಾಕಿಕೊಂಡು ಬಂದವರು ಮೂರನೇ ಗುಡಿಗೆ ಹೊರಗೇ ನಿಲ್ಲುತ್ತಾರೆ. ಜೊತೆಗೆ ಒಂದು ಜೋಡಿ ದಪ್ಪ ಕಾಲುಚೀಲ, ಕಾದ ಕಲ್ಲಿಗೆ.

ಉಳಿದದ್ದು ಗೊತ್ತಿರುವುದೇ: ಟೋಪಿ, ತಲಾ ಎರಡು ಲೀಟರ್ ನೀರು, ಮೊದಲೇ ಇಳಿಸಿಟ್ಟುಕೊಂಡ ಮ್ಯಾಪ್, ಹತ್ತು ಇಪ್ಪತ್ತರ ಚಿಲ್ಲರೆ. ಫೋನ್‌ಪೇ ಹಳ್ಳಿಯ ಚಹಾದಂಗಡಿಯಲ್ಲೂ ನಡೆಯುತ್ತದೆ, ಸಿಗ್ನಲ್ ಇದ್ದಾಗ. ಕೀಲಿ ತೆಗೆದುಕೊಟ್ಟ ಪೂಜಾರಿಯ ತಟ್ಟೆಗೆ ಹಾಕಲಂತೂ ನೋಟೇ ಬೇಕು.

ಟ್ರೈಪಾಡ್ ಮನೆಯಲ್ಲೇ ಬಿಡಿ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಅದಕ್ಕೆ ಅನುಮತಿ ಬೇಕು, ಡ್ರೋನಿಗಂತೂ ಖಂಡಿತ ಬೇಕು. ಕಾವಲುಗಾರರ ಜೊತೆ ವಾದ ಮಾಡಿ ಬೆಳಗಿನ ಹೊತ್ತು ಕಳೆಯುವುದಕ್ಕಿಂತ ಕೈಯಲ್ಲೇ ಹಿಡಿದು ತೆಗೆಯಿರಿ.

## 4. ಬಸ್ಸೋ, ಟಂಟಂ ಗಾಡಿಯೋ, ಬಾಡಿಗೆ ಕಾರೋ?

ಲಕ್ಕುಂಡಿ, ಡಂಬಳಕ್ಕೆ ಬಸ್ಸು ಸಾಕು. ಇಟಗಿಗೆ ಬಸ್ಸಿನಲ್ಲಿ ಹೋಗಬಹುದು, ಆದರೆ ಕಾಯಬೇಕಾಗುತ್ತದೆ. ಗಜೇಂದ್ರಗಡದ ಹತ್ತಿರದ ಸೂಡಿಯನ್ನೂ ಸೇರಿಸುವುದಾದರೆ ಬಾಡಿಗೆ ಗಾಡಿ ಬೇಕೇ ಬೇಕು.

ಬಸ್ಸಿನಲ್ಲಿ ಎಡವುವುದು ಎರಡು ಕಡೆ. ಒಂದು, ಗದಗದಿಂದ ಕೊಪ್ಪಳ, ಹೊಸಪೇಟೆ ಕಡೆಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಹತ್ತಿಬಿಡುತ್ತಾರೆ. ಅದು ಸಣ್ಣ ಸ್ಟಾಪಿನಲ್ಲಿ ನಿಲ್ಲದೆ ಹೋಗಬಹುದು. ಹತ್ತುವ ಮೊದಲೇ ಕಂಡಕ್ಟರನ್ನು "ಲಕ್ಕುಂಡಿ ನಿಲ್ಲಸ್ತೀರೇನ್ರಿ?" ಎಂದು ಕೇಳಿ.

ಎರಡನೆಯದು ವಸ್ತಿ ಬಸ್ಸು. ಸಂಜೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಹಲವು ಕಡೆ ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ವಾಪಸ್ ಹೊರಡುತ್ತದೆ. "ಬಸ್ಸು ಹೋಗುತ್ತಲ್ಲ, ಅದರಲ್ಲೇ ವಾಪಸ್ ಬಂದರಾಯಿತು" ಅಂದುಕೊಂಡು ಸಂಜೆ ಹೊರಟವರು ಅಲ್ಲೇ ಉಳಿಯಬೇಕಾಗುತ್ತದೆ. ಹೋಗುವ ಬಸ್ಸಿನ ಸಮಯಕ್ಕಿಂತ ಮೊದಲು ಬರುವ ಕೊನೆಯ ಬಸ್ಸಿನ ಸಮಯ ಕೇಳಿ. ಇಬ್ಬರನ್ನು ಕೇಳಿ, ಇಬ್ಬರೂ ಒಂದೇ ಸಮಯ ಹೇಳಿದರೆ ಮಾತ್ರ ನಂಬಿ.

ಶಕ್ತಿ ಯೋಜನೆಯಲ್ಲಿ ಓಡಾಡುವ ಹೆಣ್ಣುಮಕ್ಕಳು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಟಂಟಂ ಗಾಡಿಗಳು, ಅಂದರೆ ಹಲವರು ಕೂಡಿ ಹೋಗುವ ದೊಡ್ಡ ಆಟೋಗಳು, ಮುಖ್ಯರಸ್ತೆಯಲ್ಲಿ ಸಿಗುತ್ತವೆ, ತುಂಬಿದ ಮೇಲೆ ಹೊರಡುತ್ತವೆ. ಬಾಡಿಗೆಗೆ ಆಟೋ ಅಥವಾ ಕಾರು ಹಿಡಿಯುವಾಗ ಮೂರು ಮಾತು ಮೊದಲೇ ಮುಗಿಸಿ: ಯಾವ ಯಾವ ಊರು, ಎಷ್ಟು ಹೊತ್ತು ಕಾಯಬೇಕು, ಹಳ್ಳಿಯ ಒಳಗಿನ ಓಡಾಟ ಸೇರಿದೆಯೋ ಇಲ್ಲವೋ. ಕಾಯುವ ಹೊತ್ತಿನ ಮಾತು ಆಡದೆ ಹೊರಟರೆ ಪ್ರತಿ ಗುಡಿಯ ಬಾಗಿಲಲ್ಲೂ ಹಾರ್ನ್ ಕೇಳಿಸುತ್ತದೆ. "ಒಂದ ದಿನದಾಗ ಎಲ್ಲಾ ತೋರಸ್ತೀನ್ರಿ ಸರ, ಬಾದಾಮೀನೂ ಸೇರಿಸಿ" ಅಂತ ಡ್ರೈವರ್ ಹೇಳಿದರೆ ಕೈಮುಗಿದು ಬೇರೆ ಗಾಡಿ ನೋಡಿ.

## 5. ಮೊದಲ ದಿನ: ಮಧ್ಯಾಹ್ನದ ಮೇಲೆ ಡಂಬಳ

ಬೆಳಿಗ್ಗೆ ಇಳಿದವರು ಸ್ನಾನ, ತಿಂಡಿ ಮುಗಿಸಿ ಸ್ವಲ್ಪ ಮಲಗಿ. ಅವಸರವಿಲ್ಲ. ಊಟ ಆದಮೇಲೆ ಎರಡರ ಸುಮಾರಿಗೆ ಮುಂಡರಗಿ ದಾರಿಯ ಬಸ್ಸು ಹತ್ತಿ. ಡಂಬಳ ಸುಮಾರು 20 ಕಿಲೋಮೀಟರ್.

ಡಂಬಳವನ್ನು ಸಂಜೆಗೇ ಇಟ್ಟಿರುವುದಕ್ಕೆ ಕಾರಣ ಇದೆ. ದೊಡ್ಡಬಸಪ್ಪನ ಗುಡಿಯ ಹೆಚ್ಚುಗಾರಿಕೆ ಅದರ ಹಿಂಭಾಗ, ಅಂದರೆ ಗರ್ಭಗುಡಿಯ ಹೊರಗೋಡೆ. ಅದು 24 ಮೂಲೆಯ ನಕ್ಷತ್ರದಾಕಾರ. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಆ ಹಿಂಭಾಗಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಮೂರೂವರೆ ದಾಟಿದ ಮೇಲೆ ಪಡುವಣ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಮೂಲೆಯೂ ತನ್ನ ಪಕ್ಕದ್ದಕ್ಕೆ ನೆರಳು ಹಾಕುತ್ತದೆ. ಆಗ ಕೆಳಗಿನ ಅಡಿಪಾಯದಿಂದ ಶಿಖರದವರೆಗೆ ಆ ಮೂಲೆಗಳು ಒಂದೇ ಸಮನೆ ಏರಿಹೋಗಿರುವುದು ಕಣ್ಣಿಗೆ ಕಟ್ಟುತ್ತದೆ. ಬೆಳಿಗ್ಗೆ ಹೋದರೆ ಇದೇ ಗೋಡೆ ನೆರಳಲ್ಲಿ ಒಂದು ಬೂದು ಮುದ್ದೆ.

ಇಲ್ಲಿ ಹೀಗೆ ಮಾಡಿ:

1. ಒಳಗೆ ಹೋಗುವ ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ. ಸುಮ್ನೆ ನಡೆಯಿರಿ, ಫೋಟೋ ಬೇಡ.
2. ಎರಡನೇ ಸುತ್ತಿನಲ್ಲಿ ಹಿಂಭಾಗದಲ್ಲಿ ಹದಿನೈದು ಇಪ್ಪತ್ತು ಹೆಜ್ಜೆ ದೂರ ನಿಲ್ಲಿ. ಹತ್ತಿರ ನಿಂತರೆ ನಕ್ಷತ್ರ ಕಾಣುವುದಿಲ್ಲ, ಬರೀ ಮೂಲೆ ಕಾಣುತ್ತವೆ.
3. ಮೂಲೆ ಎಣಿಸುವ ಆಟ ಮಕ್ಕಳಿಗೆ ಕೊಡಿ. ಮುಂದಿನ ಮಂಟಪಕ್ಕೆ ಸೇರಿಕೊಂಡ ಕಡೆ ಕೆಲವು ಮೂಲೆ ಮುಚ್ಚಿಹೋಗಿವೆ, ಅದಕ್ಕೇ ಲೆಕ್ಕ ಸರಿಹೋಗುವುದಿಲ್ಲ.
4. ಆಮೇಲೆ ಒಳಗೆ ಹೋಗಿ ಬಸವಣ್ಣನನ್ನೂ ಕಂಬಗಳನ್ನೂ ನೋಡಿ.

ಹತ್ತಿರದಲ್ಲೇ ಸೋಮೇಶ್ವರ ಗುಡಿ ಇದೆ. ಊರಿನಲ್ಲಿ ಜಪದ ಬಾವಿ ಕೇಳಿಕೊಂಡು ಹೋಗಿ, ಸುತ್ತ ಕೂತು ಜಪ ಮಾಡಲು ಗೂಡುಗಳಿರುವ ಮೆಟ್ಟಿಲು ಬಾವಿ ಅದು. ಡಂಬಳದ ಕೆರೆ ದೊಡ್ಡದು, ಏರಿಯ ಮೇಲೆ ಹತ್ತು ನಿಮಿಷ ನಿಲ್ಲಬಹುದು. ಆದರೆ ಕೊನೆಯ ಬಸ್ಸಿನ ಲೆಕ್ಕ ಮರೆಯಬೇಡಿ.

ಗದಗಕ್ಕೆ ವಾಪಸಾದ ಮೇಲೆ ವೀರನಾರಾಯಣ ಗುಡಿಗೆ ಹೋಗಿ. ಅದು ಸಂಜೆ ಪೂಜೆಗೆ ತೆರೆದಿರುತ್ತದೆ. ಕುಮಾರವ್ಯಾಸ ಒರಗಿ ಕೂತು ಭಾರತ ಬರೆದ ಎನ್ನುವ ಕಂಬವನ್ನು ಯಾರನ್ನು ಕೇಳಿದರೂ ತೋರಿಸುತ್ತಾರೆ.

## 6. ಎರಡನೇ ದಿನ: ಲಕ್ಕುಂಡಿ, ಏಳು ಗಂಟೆಯಿಂದ

ಇದೇ ಈ ಪ್ರವಾಸದ ತಿರುಳು. ಗದಗದಿಂದ 12 ಕಿಲೋಮೀಟರ್, ಆರೂವರೆಯ ಹೊತ್ತಿಗೆ ಹೊರಟರೆ ಸಾಕು. ತಿಂಡಿ ಆಮೇಲೆ. ಒಂದು ಬಾಳೆಹಣ್ಣು ತಿಂದು ಹೊರಡಿ.

ಮೊದಲು ಬ್ರಹ್ಮ ಜಿನಾಲಯ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ. ಪೂರ್ವಕ್ಕೆ ಬಾಗಿಲು, ಬೆಳಗಿನ ಬಿಸಿಲು ಒಳಗಿನವರೆಗೆ ಬರುತ್ತದೆ. ಮಂಟಪದೊಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ, ಪಕ್ಕದಿಂದ ಟಾರ್ಚ್ ಹಾಯಿಸಿ ನೋಡಿ. ಇದು ಜೈನರ ಪೂಜಾಸ್ಥಳ. ಚರ್ಮದ ಬೆಲ್ಟು, ಪರ್ಸು ಹೊರಗಿಡುವುದು ಒಳ್ಳೆಯದು, ಮೂರ್ತಿಗಳನ್ನು ಮುಟ್ಟಬೇಡಿ. ಸನಿಹದ ನಾಗನಾಥ ಗುಡಿಗೂ ಒಮ್ಮೆ ಇಣುಕಿ.

ಎಂಟೂವರೆ ಒಂಬತ್ತಕ್ಕೆ ಕಾಶಿವಿಶ್ವನಾಥ. ಇಲ್ಲಿ ಅವಸರ ಮಾಡಿದರೆ ಲಕ್ಕುಂಡಿಗೆ ಬಂದದ್ದೇ ದಂಡ. ಎದುರುಬದುರು ಎರಡು ಗರ್ಭಗುಡಿ: ಒಂದರಲ್ಲಿ ಶಿವ, ಪೂರ್ವದ ಕಡೆಯಿಂದ ಅವನಿಗೆ ಎದುರಾಗಿ ಸೂರ್ಯನ ಗುಡಿ. ಎಲ್ಲರೂ ನೇರ ಒಳಗೆ ನುಗ್ಗುತ್ತಾರೆ. ನೀವು ಬಾಗಿಲಲ್ಲೇ ನಿಲ್ಲಿ.

ಬಾಗಿಲುವಾಡದ ಒಂದು ಪಟ್ಟಿಯನ್ನು ಮಾತ್ರ ಆರಿಸಿಕೊಳ್ಳಿ. ಕೆಳಗಿನಿಂದ ಮೇಲಕ್ಕೆ ಟಾರ್ಚಿನ ಬೆಳಕನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಬಳ್ಳಿ ಸುತ್ತಿ ಸುತ್ತಿ ಏರುತ್ತದೆ, ಪ್ರತಿ ಸುತ್ತಿನ ಒಳಗೆ ಒಂದೊಂದು ಪುಟ್ಟ ಆಕೃತಿ. ಕೆತ್ತಿದವನು ಬಳ್ಳಿಯ ಹಿಂಭಾಗದ ಕಲ್ಲನ್ನೂ ಕೊರೆದು ತೆಗೆದಿದ್ದಾನೆ, ಆದ್ದರಿಂದ ಬಳ್ಳಿ ಗೋಡೆಗೆ ಅಂಟಿಲ್ಲ, ತೂಗುತ್ತಿದೆ ಅನ್ನಿಸುತ್ತದೆ. ಈ ಬಳಪದ ಕಲ್ಲು ಮೆದುವಾದ್ದರಿಂದ ಇಷ್ಟು ಸೂಕ್ಷ್ಮ ಸಾಧ್ಯವಾಯಿತು. ಅದೇ ಕಾರಣಕ್ಕೆ ಬೇಗ ಸವೆಯುತ್ತದೆ ಕೂಡ. ಬೆರಳು ಹಾಕಬೇಡಿ, ಮಕ್ಕಳಿಗೂ ಹಾಕಲು ಬಿಡಬೇಡಿ. ಒಂದು ಪಟ್ಟಿ ಮುಗಿಯಲು ಐದು ನಿಮಿಷ ಬೇಕು. ಆಮೇಲೆ ಉಳಿದವನ್ನು ಕಣ್ಣು ತಾನೇ ಓದಿಕೊಳ್ಳುತ್ತದೆ.

ಒಳಗಿನ ತಿರುಗಣೆ ಕಂಬಗಳನ್ನೂ ಹಾಗೇ ನೋಡಿ. ಒಂದರ ಮೇಲೊಂದು ಬಳೆ ಪೇರಿಸಿದಂತೆ ಇರುವ ಗೆರೆಗಳ ನಡುವೆ ಅಂಚು ಎಷ್ಟು ಹರಿತ ಎಂದು ಗಮನಿಸಿ. ಎದುರಿಗಿನ ನನ್ನೇಶ್ವರ ಗುಡಿ ಚಿಕ್ಕದು, ಸರಳ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಕಾಶಿವಿಶ್ವನಾಥದಲ್ಲಿ ಎಷ್ಟು ಹೆಚ್ಚು ಕೆಲಸ ಆಗಿದೆ ಎಂದು ತಿಳಿಯುತ್ತದೆ.

ಹತ್ತೂವರೆ ದಾಟಿದ ಮೇಲೆ ಬಾವಿ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಅನ್ನುವ ಮಾತಿದೆ. ಎಲ್ಲವನ್ನೂ ಹುಡುಕಲು ಹೋಗಬೇಡಿ. ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿ ನೋಡಲೇಬೇಕು. ಗೋಡೆಗಳಲ್ಲಿ ಸಾಲುಸಾಲು ಪುಟ್ಟ ಗುಡಿಗೂಡುಗಳು. ಬಾವಿ ಆಳ, ಬೆಳಿಗ್ಗೆ ಏಳಕ್ಕೆ ಒಳಗೆ ಕತ್ತಲು. ಸೂರ್ಯ ಮೇಲೇರಿದ ಮೇಲೇ ಕೆಳಗಿನ ಮೆಟ್ಟಿಲಿಗೆ ಬೆಳಕು ಇಳಿಯುವುದು. ಗುಡಿಗೆ ಬೆಳಿಗ್ಗೆ, ಬಾವಿಗೆ ಹೊತ್ತೇರಿದ ಮೇಲೆ ಅನ್ನುವ ಕ್ರಮ ಇದಕ್ಕೇ. ಸಮಯ ಉಳಿದರೆ ಕನ್ನೇರ ಬಾವಿ, ಛಬ್ಬೇರ ಬಾವಿ ಕೇಳಿಕೊಂಡು ಹೋಗಿ.

ಬಾವಿಯಲ್ಲಿ ಎಚ್ಚರ: ನೀರಿಗೆ ಹತ್ತಿರದ ಮೆಟ್ಟಿಲಿನಲ್ಲಿ ಹಸಿರು ಪಾಚಿ ಕಂಡರೆ ಅಲ್ಲಿಗೇ ನಿಲ್ಲಿ. ಒಣಗಿದಂತೆ ಕಂಡರೂ ಪಾಚಿ ಜಾರುತ್ತದೆ. ಸೆಲ್ಫಿಗೆಂದು ಹಿಂದೆ ಹೆಜ್ಜೆ ಇಡಬೇಡಿ.

ಕೊನೆಗೆ ಮ್ಯೂಸಿಯಂ. ಹನ್ನೊಂದೂವರೆಗೆ ಹೊರಗೆ ಬಿಸಿಲು ಚುರುಗುಡುತ್ತದೆ, ಆಗ ನೆರಳಿನಲ್ಲಿ ನೋಡುವಂಥದ್ದು ಇದು. ಅರ್ಧ ಗಂಟೆ ಸಾಕು. ನಂತರ ಗದಗಕ್ಕೆ ವಾಪಸ್.

ಸಂಜೆ ನಾಲ್ಕೂವರೆಗೆ ಗದಗದ ತ್ರಿಕೂಟೇಶ್ವರ. ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ಗುಡಿ. ಅದೇ ಆವರಣದ ಸರಸ್ವತಿ ಗುಡಿಯನ್ನು ಬಿಟ್ಟು ಬರಬೇಡಿ, ಅದರ ಕಂಬಗಳಿಗೆ ಸಾಟಿ ಈ ಸೀಮೆಯಲ್ಲೇ ಕಮ್ಮಿ. ಬೆಟಗೇರಿಯ ಕೈಮಗ್ಗದ ಸೀರೆ ಬೇಕಾದವರು ಈ ಸಂಜೆಯೇ ಆ ಕೆಲಸ ಮುಗಿಸಿ.

## 7. ಊಟದ ಹೊತ್ತು ತಪ್ಪಿಸಬೇಡಿ

ಖಾನಾವಳಿಗಳಲ್ಲಿ ಬಿಸಿ ರೊಟ್ಟಿ ಹನ್ನೆರಡೂವರೆಯಿಂದ ಎರಡೂವರೆ ಒಳಗೆ ಚೆನ್ನಾಗಿ ಸಿಗುತ್ತದೆ. ಮೂರಕ್ಕೆ ಹೋದರೆ "ಪಲ್ಯ ಮುಗೀತ್ರಿ, ಅನ್ನ ಸಾರು ಐತಿ" ಅನ್ನುತ್ತಾರೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಜೊತೆಗೆ ಹಸಿ ಉಳ್ಳಾಗಡ್ಡಿ. ಕೆಂಪು ಚಟ್ನಿಯನ್ನು ಮೊದಲು ಬೆರಳ ತುದಿಯಲ್ಲಿ ನೋಡಿ, ದಕ್ಷಿಣದ ಕಡೆಯಿಂದ ಬಂದವರಂತೂ ಖಂಡಿತ.

ಸಂಜೆ ಗಿರಮಿಟ್ಟು, ಮಿರ್ಚಿ, ಬದನೆಕಾಯಿ ಬಜಿ. ಜನ ಗುಂಪುಗಟ್ಟಿ ನಿಂತಿರುವ ಗಾಡಿಯಲ್ಲೇ ತಿನ್ನಿ, ಅಲ್ಲಿ ಬಾಣಲಿಯಿಂದ ನೇರ ತಟ್ಟೆಗೆ ಬೀಳುತ್ತದೆ.

ಲಕ್ಕುಂಡಿ, ಡಂಬಳ, ಇಟಗಿಯಲ್ಲಿ ಚಹಾ, ಮಿರ್ಚಿ, ಒಗ್ಗರಣೆ ಹಾಕಿದ ಮಂಡಕ್ಕಿ ಸಿಕ್ಕೀತು. ಊಟಕ್ಕೆ ಅವನ್ನು ನೆಚ್ಚಬೇಡಿ.

## 8. ಮೂರನೇ ದಿನ: ಇಟಗಿ, ಕುಕನೂರು, ಧೈರ್ಯ ಇದ್ದರೆ ಸೂಡಿ

ಇಟಗಿ ಕೊಪ್ಪಳ ಜಿಲ್ಲೆಗೆ ಸೇರಿದ್ದು. ಲಕ್ಕುಂಡಿ ದಾಟಿ ಅದೇ ಹೆದ್ದಾರಿಯಲ್ಲಿ ಮುಂದೆ ಹೋಗಿ, ಬನ್ನಿಕೊಪ್ಪದ ಕಡೆಯಿಂದ ಒಳಗೆ ತಿರುಗಬೇಕು. ಬಸ್ಸಿನಲ್ಲಿ ಹೋಗುವವರು ಹೆದ್ದಾರಿಯಲ್ಲಿ ಇಳಿದು ಟಂಟಂ ಹುಡುಕಬೇಕಾಗುತ್ತದೆ. ನಾಲ್ಕು ಜನ ಇದ್ದರೆ ಈ ದಿನಕ್ಕೆ ಕಾರು ಹಿಡಿಯುವುದೇ ಲೇಸು.

ಇಟಗಿಯ ಮಹಾದೇವ ಗುಡಿ 1112ರದ್ದು. ಅಲ್ಲಿನ ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಎಂದಿದೆ. ಎಂಟು ಗಂಟೆಯೊಳಗೆ ಅಲ್ಲಿರಿ. ಮುಂದಿನ ಮಂಟಪ ಸುತ್ತಲೂ ತೆರೆದದ್ದು, ಎಳೆಬಿಸಿಲು ಕಂಬಗಳ ನಡುವೆ ನುಸುಳಿ ನೆಲಕ್ಕೆ ಉದ್ದುದ್ದ ನೆರಳು ಹಾಸುತ್ತದೆ. ಕಂಬಗಳಲ್ಲಿ ಒಂದರ ಮಾದರಿ ಇನ್ನೊಂದಕ್ಕೆ ಇಲ್ಲದ್ದನ್ನು ಗುರುತಿಸುತ್ತಾ ಒಳಗೆ ಸಾಗಿ. ಮೇಲ್ಛಾವಣಿ ನೋಡಲು ಕತ್ತು ನೋಯಿಸಿಕೊಳ್ಳುವ ಬದಲು ಫೋನನ್ನು ಸೆಲ್ಫಿ ಕ್ಯಾಮೆರಾಗೆ ಹಾಕಿ ಅಂಗೈಯಲ್ಲಿ ಅಡ್ಡ ಹಿಡಿಯಿರಿ, ಕನ್ನಡಿಯ ಹಾಗೆ ಕಾಣುತ್ತದೆ. ಪಕ್ಕದ ಪುಷ್ಕರಣಿಯನ್ನೂ ನೋಡಿ.

ಅಲ್ಲಿಂದ ಏಳೆಂಟು ಕಿಲೋಮೀಟರ್ ಕುಕನೂರು. ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು, ಹಾಗಾಗಿ ನೀವು ಎರಡು ದಿನ ನೋಡಿದ್ದಕ್ಕಿಂತ ಹಳೆಯದು. ಕಲ್ಲು ಬೇರೆ, ಕೆತ್ತನೆ ದಪ್ಪ. ಒಂಬತ್ತು ಗರ್ಭಗುಡಿಗಳು ಒತ್ತೊತ್ತಾಗಿ ಕೂಡಿಕೊಂಡಿವೆ. ಇದನ್ನು ಮೊದಲು ನೋಡಿದ್ದರೆ ಒರಟು ಅನ್ನಿಸುತ್ತಿತ್ತು, ಕೊನೆಗೆ ನೋಡಿದಾಗ ಎರಡು ಕಾಲದ ಕೆಲಸದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಲ್ಲೇಶ್ವರ ಗುಡಿಯೂ ಇದೇ ಊರಿನಲ್ಲಿದೆ.

ಸಾಮಾನ್ಯರಿಗೆ ಇಷ್ಟು ಸಾಕು. ಇನ್ನೂ ಹುರುಪಿದ್ದವರು ಗಜೇಂದ್ರಗಡದ ಕಡೆ ಹೊರಡಿ. ಕುಕನೂರಿನಿಂದ 30 ಕಿಲೋಮೀಟರಿಗೂ ಜಾಸ್ತಿ. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರಿನಲ್ಲಿ ಸೂಡಿ. ಎರಡು ಶಿಖರದ ಜೋಡುಕಳಸದ ಗುಡಿ, ನಾಗಕುಂಡ ಎಂಬ ಕೆತ್ತನೆಯ ಬಾವಿ. ಜನವೇ ಇರುವುದಿಲ್ಲ. ಸೂಡಿಯಿಂದ ಗದಗಕ್ಕೆ ವಾಪಸಾಗಲು 50 ಕಿಲೋಮೀಟರಿನ ಮೇಲಿದೆ, ಹಾಗಾಗಿ ರಾತ್ರಿ ರೈಲು ಇರುವವರು ಮೂರು ಗಂಟೆಗೆಲ್ಲ ಸೂಡಿ ಬಿಡಬೇಕು. ಕುಕನೂರು ಬಿಡುವಾಗಲೇ ಮಧ್ಯಾಹ್ನ ಒಂದು ದಾಟಿದ್ದರೆ ಸೂಡಿ ಕೈಬಿಡಿ.

## 9. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಉಳಿದರೆ: ಮಾಗಡಿ ಕೆರೆ

ಇದು ಬೆಂಗಳೂರು ಹತ್ತಿರದ ಮಾಗಡಿ ಅಲ್ಲ. ಮ್ಯಾಪಿನಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಅಂತಲೇ ಹುಡುಕಿ, ಎಷ್ಟೋ ಜನಕ್ಕೆ ಮ್ಯಾಪು ಮುನ್ನೂರು ನಾನೂರು ಕಿಲೋಮೀಟರ್ ದೂರದ ಊರು ತೋರಿಸುತ್ತದೆ! ಗದಗದಿಂದ ಲಕ್ಷ್ಮೇಶ್ವರದ ಕಡೆ ಸುಮಾರು 26 ಕಿಲೋಮೀಟರ್. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಅವು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಬರುತ್ತವೆ, ಆ ಹಾರಾಟ ಕಾಣುವುದು ಮುಂಜಾನೆ ಮತ್ತು ಸಂಜೆ. ಹತ್ತು ಗಂಟೆಗೆ ಹೋದರೆ ದೂರದ ನೀರಿನಲ್ಲಿ ಬೂದು ಚುಕ್ಕೆಗಳು ಮಾತ್ರ. ಸೂರ್ಯ ಹುಟ್ಟುವ ಮೊದಲೇ ಏರಿಯ ಮೇಲೆ ಇರಿ. ದುರ್ಬೀನು ಇದ್ದರೆ ತನ್ನಿ. ಕೆಂಪು, ಹಳದಿ ಬಟ್ಟೆ ಬೇಡ. ಹತ್ತಿರದ ಫೋಟೋ ಬೇಕೆಂದು ನೀರಿನಂಚಿಗೆ ಇಳಿಯಬೇಡಿ. ಒಂದು ಹಕ್ಕಿ ಕತ್ತು ನೆಟ್ಟಗೆ ಮಾಡಿ ನಿಂತರೆ ಅದು ಎಚ್ಚರಿಕೆ. ಇನ್ನೊಂದು ಹೆಜ್ಜೆ ಇಟ್ಟರೆ ಇಡೀ ಹಿಂಡು ಏಳುತ್ತದೆ.

ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ನೋಡಬಹುದು.

## 10. ಕೆಲಸ ಕೆಡುವ ಲಕ್ಷಣಗಳು, ಆಗ ಏನು ಮಾಡಬೇಕು

ಗುಡಿಗೆ ಬೀಗ. ಪುರಾತತ್ವ ಇಲಾಖೆಯ ದೊಡ್ಡ ಗುಡಿಗಳಲ್ಲಿ ಹಗಲು ಕಾವಲುಗಾರರು ಇರುತ್ತಾರೆ. ಸಣ್ಣ ಗುಡಿಗಳ ಕೀಲಿ ಊರೊಳಗಿನ ಯಾರದೋ ಮನೆಯಲ್ಲಿ. ಬಾಗಿಲು ಬಡಿಯಬೇಡಿ, ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿ: "ಅಜ್ಜಾರ, ಗುಡಿ ಕೀಲಿ ಯಾರ ಹತ್ರ ಐತ್ರಿ?" ಉತ್ತರ ಹೆಚ್ಚಾಗಿ ಹೀಗಿರುತ್ತದೆ: "ಪೂಜಾರಿ ಹೊಲಕ್ಕ ಹೋಗ್ಯಾನ್ರಿ. ಕುಂದರ್ರಿ, ಬರ್ತಾನ." ಕೂತುಬಿಡಿ. ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು ಅನ್ನುವಷ್ಟರಲ್ಲಿ ಕೀಲಿ ಬಂದಿರುತ್ತದೆ. ಅರ್ಧ ಗಂಟೆಯಾದರೂ ಬರದಿದ್ದರೆ ಮುಂದಿನದಕ್ಕೆ ಹೊರಡಿ.

ಮ್ಯಾಪು ಹೊಲದ ದಾರಿಗೆ ಇಳಿಸುತ್ತಿದೆ. ಎರಡು ಕಿಲೋಮೀಟರ್ ಉಳಿಯುತ್ತದೆ ಎಂದು ಅದನ್ನು ನಂಬಬೇಡಿ. ನೆಲ ಕಪ್ಪಗಿದ್ದು ಟ್ರ್ಯಾಕ್ಟರ್ ಗಾಲಿಯ ಅಚ್ಚು ಆಳವಾಗಿ ಕಂಡರೆ ಅಲ್ಲೇ ಗಾಡಿ ತಿರುಗಿಸಿ.

ಹೆಜ್ಜೇನು. ಹಳೇ ಗುಡಿಗಳ ಚಾಚಿನ ಕೆಳಗೆ, ಶಿಖರದ ಸಂದಿನಲ್ಲಿ ಹುಟ್ಟು ಇರುವುದುಂಟು. ಒಳಗೆ ಕಾಲಿಡುವ ಮೊದಲು ತಲೆ ಎತ್ತಿ ನೋಡಿ. ಹುಟ್ಟು ಕಂಡರೆ ಫ್ಲ್ಯಾಶ್ ಬೇಡ, ಊದುಬತ್ತಿ ಬೇಡ, ಗದ್ದಲ ಬೇಡ. ಹುಟ್ಟಿನ ಮೇಲ್ಮೈ ಅಲೆ ಎದ್ದಂತೆ ಅಲುಗಿದರೆ ತಡಮಾಡದೆ ಹೊರಗೆ ಬನ್ನಿ.

ದೊಡ್ಡ ಕಾರು, ಸಣ್ಣ ಓಣಿ. ಲಕ್ಕುಂಡಿಯ ಒಳಗೆ ಗುಡಿಯಿಂದ ಗುಡಿಗೆ ಕಾರಿನಲ್ಲಿ ಹೋಗಬೇಡಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದೆ ತೆಗೆಯಬೇಕಾದವರು ನೀವೇ. ಒಂದು ಕಡೆ ನಿಲ್ಲಿಸಿ ನಡೆಯಿರಿ.

ಮಧ್ಯಾಹ್ನ ಬಾಗಿಲು ಹಾಕಿದ ಗುಡಿ. ವೀರನಾರಾಯಣ, ತ್ರಿಕೂಟೇಶ್ವರದಂಥ ಪೂಜೆ ನಡೆಯುವ ಗುಡಿಗಳ ವಿಷಯ ಇದು. ಕಾದು ಪ್ರಯೋಜನವಿಲ್ಲ, ಸಂಜೆಗೇ ಬನ್ನಿ.

## 11. ಒಂದೇ ದಿನ ಇದ್ದವರಿಗೆ

ಹಿಂದಿನ ರಾತ್ರಿಯೇ ಗದಗ ಸೇರಿ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಲಕ್ಕುಂಡಿ, ಮ್ಯೂಸಿಯಂ ಬಿಟ್ಟುಬಿಡಿ. ಗದಗದಲ್ಲಿ ರೊಟ್ಟಿ ಊಟ. ಮೂರಕ್ಕೆ ಡಂಬಳ. ಆರಕ್ಕೆ ವಾಪಸ್. ಇಟಗಿ, ಕುಕನೂರಿನ ಆಸೆ ಇಟ್ಟುಕೊಳ್ಳಬೇಡಿ. ಹುಬ್ಬಳ್ಳಿ ಕಡೆ ಕಾರಿನಲ್ಲಿ ಹೋಗುವವರು ಮರುದಿನ ಬೆಳಿಗ್ಗೆ ದಾರಿಯ ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಗೆ ಒಂದು ಗಂಟೆ ಕೊಡಬಹುದು. ರೈಲಿನವರಿಗೂ ಅಣ್ಣಿಗೇರಿಯಲ್ಲಿ ಸ್ಟೇಷನ್ ಇದೆ, ಆದರೆ ಅಲ್ಲಿ ಎಲ್ಲ ರೈಲೂ ನಿಲ್ಲುವುದಿಲ್ಲ. ಟಿಕೆಟ್ ತೆಗೆಯುವಾಗಲೇ ಅದನ್ನು ನೋಡಿಕೊಳ್ಳಿ.